ಎಲ್ಲ ಮೇಳಗಳಿಗೂ ಒಬ್ಬನೇ ಯಜಮಾನನಾದರೆ

(ಕುಂದಾಪುರದ ಕಾರ್ಮಿಕರ ಸಭೆಯಲ್ಲಿ ಮಾಡಿದ ಭಾಷಣ)

ಬ್ರಹ್ಮಾವರದಿಂದ, ಬೈಂದೂರಿನಿಂದ ದುಡಿಮೆ ಮುಗಿಸಿ, ಅಂಗಡಿ ಬಾಗಿಲು ಹಾಕಿ ಬಂದಿದ್ದೀರಿ. ಕಮ್ಯೂನಿಸ್ಟ್ ಆಡಳಿತದಲ್ಲಿ ಲೇಖಕರು ಹೇಗೆ ಬಾಳಿದರು ಎಂಬುದು ಇಂದಿನ ವಿಷಯ. "ಹಂಚಿನ ಕಾರ್ಖಾನೆಯಲ್ಲಿ ದುಡಿಯುವ ನಮಗೆ ಕವಿಗಳ ಪಾಡು ಕಟ್ಟಿಕೊಂಡು ಏನಾಗಬೇಕು, ಮಾಸ್ಟ್ರೇ?" ಎಂದು ಒಬ್ಬರು ಬಾಗಿಲಲ್ಲೇ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳಲೆಂದೇ ನಿಂತಿದ್ದೇನೆ.

ಮಂದಾರ್ತಿ ಮೇಳ, ಮಾರಣಕಟ್ಟೆ ಮೇಳ, ಸಾಲಿಗ್ರಾಮ ಮೇಳ ನೀವು ಬಲ್ಲಿರಿ. ಯಜಮಾನರಿಗೂ ವೇಷಧಾರಿಗೂ ಸರಿಬರದಿದ್ದರೆ ಆತ ಮುಂದಿನ ತಿರುಗಾಟಕ್ಕೆ ಬೇರೆ ಮೇಳ ಸೇರುತ್ತಾನೆ. ಈಗ ಎಣಿಸಿ ನೋಡಿ: ಎಲ್ಲ ಮೇಳಗಳಿಗೂ ಒಬ್ಬನೇ ಯಜಮಾನ. ಚೌಕಿ ಅವನದು, ಕಿರೀಟ ಅವನದು, ವೇಷಧಾರಿ ಮಲಗುವ ಮನೆ ಅವನದು, ಆಟ ನೋಡುವವರ ಅಕ್ಕಿಯ ಚೀಟಿಯೂ ಅವನ ಕೈಯಲ್ಲಿ. ಆಗ ಭಾಗವತರು ಯಾವ ಪದ ಹಾಡಿಯಾರು? ಊರಿಗೆಲ್ಲ ಒಂದೇ ಸಗಟು ಅಂಗಡಿ ಇದ್ದರೆ ಅವನು ಹೇಳಿದ್ದೇ ಕ್ರಯ. ಇದು ವ್ಯಾಪಾರಸ್ಥರಿಗೆ ನಾನು ಕಲಿಸಬೇಕಾದ ಪಾಠವಲ್ಲ.

ಸೋವಿಯತ್ ರಷ್ಯದಲ್ಲಿ ನಡೆದದ್ದು ಇದೇ. 1932ರಲ್ಲಿ ಪಕ್ಷದ ಒಂದು ನಿರ್ಣಯದಿಂದ ಇದ್ದ ಸಾಹಿತ್ಯ ಸಂಘಗಳು ಮುಚ್ಚಿದವು. ದೇಶಕ್ಕೆಲ್ಲ ಒಂದೇ ಲೇಖಕರ ಸಂಘವೆಂದಾಯಿತು. ಒಳಗಿದ್ದವನಿಗೆ ಮನೆ, ಹಣದ ನೆರವು, ವಿಶ್ರಾಂತಿಧಾಮ. ಹೊರಗೆ ಬಿದ್ದವನಿಗೆ ಅಚ್ಚಿನ ಮನೆಯ ಬಾಗಿಲು ಬಂದ್. ಸ್ವಂತ ಮುದ್ರಣಾಲಯ ಇಡೋಣವೆಂದರೆ ಅದಕ್ಕೂ ಅವಕಾಶವಿಲ್ಲ.

ಹೊಂದಿಕೊಂಡ ಬಗೆ ಮಾತ್ರ ಒಬ್ಬೊಬ್ಬರದು ಒಂದೊಂದು. ಪಾಸ್ತರ್ನಾಕ್ ಎಂಬ ಕವಿ ವರ್ಷಗಟ್ಟಲೆ ಷೇಕ್ಸ್‌ಪಿಯರನನ್ನೂ ಗಯಟೆಯನ್ನೂ ಅನುವಾದಿಸಿ ಹೊಟ್ಟೆ ಹೊರೆದ. ಕೊನೆಗೆ ತನ್ನ ಮನಸ್ಸಿನ ಕಾದಂಬರಿ ಬರೆದ. ಅದು ಅಚ್ಚಾದದ್ದು 1957ರಲ್ಲಿ, ದೂರದ ಇಟಲಿಯಲ್ಲಿ. ಮರುವರ್ಷ ನೊಬೆಲ್ ಬಹುಮಾನ ಬಂದಾಗ ಸಂಘದಿಂದ ಹೊರಗೆ ಹಾಕಿದರು. ಬಹುಮಾನ ಬೇಡವೆಂದು ಆತನೇ ತಂತಿ ಕಳಿಸಬೇಕಾಯಿತು.

ಅಖ್ಮಾತೋವಾ ಎಂಬ ಕವಯಿತ್ರಿಯ ಮಗ ಸೆರೆಮನೆಯಲ್ಲಿದ್ದ. ಸೆರೆಮನೆಯ ಬಾಗಿಲಲ್ಲಿ ಸರದಿ ನಿಂತ ತಾಯಂದಿರ ಮೇಲೆ ಆಕೆ ಪದ್ಯ ಕಟ್ಟಿದರು. ಚೀಟಿಯಲ್ಲಿ ಬರೆದು ಗೆಳತಿಗೆ ತೋರಿಸುವುದು, ಆಕೆಗೆ ಬಾಯಿಪಾಠವಾದ ಕೂಡಲೆ ಚೀಟಿ ಸುಡುವುದು. ಹೀಗೆ ಆ ಪದ್ಯ ಉಳಿಯಿತು. 1949ರಲ್ಲಿ ಮಗನನ್ನು ಮತ್ತೆ ಹಿಡಿದರು. 1950ರಲ್ಲಿ ಅದೇ ತಾಯಿ ಸ್ತಾಲಿನನನ್ನು ಹೊಗಳಿದ ಪದ್ಯಗಳನ್ನು ಪ್ರಕಟಿಸಿದರು. ಆದರೂ ಮಗ ಹೊರಬಂದದ್ದು 1956ರಲ್ಲಿ, ಸ್ತಾಲಿನ್ ಸತ್ತು 3 ವರ್ಷದ ಮೇಲೆ. ಆ ತಾಯಿಯನ್ನು ದೂರುವ ಬಾಯಿ ನನಗಿಲ್ಲ.

ಪೂರ್ತಿ ಹೊಂದಿಕೊಂಡವರು ಸುಖಪಟ್ಟರೇ? ಫದೇಯೆವ್ ಎಂಬವ ಬಹುಕಾಲ ಆ ಸಂಘದ ಮುಖ್ಯಸ್ಥನಾಗಿದ್ದ. 1956ರ ಮೇ ತಿಂಗಳಲ್ಲಿ ತಾನೇ ಗುಂಡು ಹೊಡೆದುಕೊಂಡು ಸತ್ತ. ಪಕ್ಷದ ನಾಯಕರನ್ನು ದೂರಿ ಆತ ಬರೆದಿಟ್ಟ ಪತ್ರ 1990ರ ತನಕ ಜನರ ಕಣ್ಣಿಗೆ ಬೀಳಲಿಲ್ಲ.

ನಾನೇನು ದೊಡ್ಡ ಧೀರನಲ್ಲ. ಮೇಷ್ಟ್ರಾಗಿದ್ದಾಗ ನನ್ನ ಶಾಲೆಯ ಮಾಡು ಸೋರುತ್ತಿತ್ತು. ಮಳೆಗಾಲದಲ್ಲಿ ಮಕ್ಕಳನ್ನು ಒಂದೇ ಮೂಲೆಯಲ್ಲಿ ಕೂರಿಸಿ ಪಾಠ ಹೇಳಿದ್ದೇನೆ. ಆದರೂ ಮೇಲಿನವರಿಗೆ ಕಳಿಸಿದ ವರದಿಯಲ್ಲಿ "ಕಟ್ಟಡ ಸುಸ್ಥಿತಿಯಲ್ಲಿದೆ" ಎಂದು ಬರೆದೆ. ಯಾರೂ ಕೋವಿ ಹಿಡಿದು ಬರೆಸಲಿಲ್ಲ. ವರ್ಗದ ಭಯ ಒಂದೇ ಸಾಕಾಯಿತು. ನೆನೆದದ್ದು ನಾನಲ್ಲ, ಮಕ್ಕಳು.

ಬಾಗಿಲಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಬರೆಯುವವನು ಬಾಯಿ ಮುಚ್ಚಿದರೆ ನೆನೆಯುವವರು ಬೇರೆಯವರು. 1962ರ ಜೂನ್ ಮೊದಲ ದಿನಗಳಲ್ಲಿ ರಷ್ಯದ ನೊವೊಚೆರ್ಕಾಸ್ಕ್ ಊರಿನ ರೈಲು ಎಂಜಿನ್ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಮಾಂಸ, ಬೆಣ್ಣೆಯ ಕ್ರಯ ಏರಿತ್ತು. ಅದೇ ಹೊತ್ತಿಗೆ ಕೂಲಿಯ ದರ ಇಳಿದಿತ್ತು. ಕೆಂಬಾವುಟ, ಲೆನಿನ್ನನ ಪಟ ಹಿಡಿದು ನಡೆದ ಕಾರ್ಮಿಕರ ಮೇಲೆ ಕಾರ್ಮಿಕರದೇ ಎನ್ನುವ ಸರಕಾರ ಗುಂಡು ಹಾರಿಸಿತು. ಸತ್ತವರು 26 ಎಂದು ಬಹಳ ವರ್ಷಗಳ ಮೇಲೆ ಲೆಕ್ಕ ಸಿಕ್ಕಿತು. ಹೆಣಗಳನ್ನು ಗುಟ್ಟಾಗಿ ಬೇರೆ ಊರುಗಳಲ್ಲಿ ಹುಗಿದರು. ವಿಚಾರಣೆಯೆಂದು ನಡೆಸಿ ಇನ್ನೂ 7 ಮಂದಿಗೆ ಮರಣದಂಡನೆ ಕೊಟ್ಟರು. 1980ರ ದಶಕದ ಕೊನೆಯ ತನಕ ಆ ದೇಶದ ಪತ್ರಿಕೆಗಳು ಈ ಗೋಲಿಬಾರಿನ ಸುದ್ದಿ ಎತ್ತಲಿಲ್ಲ. ಕವಿಯ ನಾಲಗೆ ಕಟ್ಟಿದ ದಿನವೇ ಆ ಕಾರ್ಮಿಕನ ಸುದ್ದಿಯನ್ನೂ ಕಟ್ಟಿ ಇಟ್ಟಿದ್ದರು.

ಕಮ್ಯೂನಿಸ್ಟ್ ಮಿತ್ರರು ಕೇಳಿಯಾರು: "ಕೇರಳದಲ್ಲಿ ನಾವು ಹಾಗೆ ಮಾಡಿದೆವೇ?" ಇಲ್ಲ, ನಿಜ ಹೇಳಬೇಕು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. 1957ರ ಏಪ್ರಿಲಿನಲ್ಲಿ ಇ.ಎಂ.ಎಸ್. ನಂಬೂದಿರಿಪಾಡರ ಮಂತ್ರಿಮಂಡಲ ಬಂತು. ಆ ಕಾಲದಲ್ಲೂ, 1959ರಲ್ಲಿ ಕೇಂದ್ರ ಸರಕಾರ ಅದನ್ನು ವಜಾ ಮಾಡಿದ ಮೇಲೂ, ಕಯ್ಯಾರ ಕಿಞ್ಞಣ್ಣ ರೈಗಳಂಥವರು ಕಾಸರಗೋಡು ಕನ್ನಡನಾಡಿಗೆ ಸೇರಬೇಕೆಂಬ ಮಾತನ್ನು ಬಿಡಲಿಲ್ಲ. ಅಲ್ಲಿಯೂ ಇಲ್ಲಿಯೂ ಕೆಂಬಾವುಟವೇ, ವ್ಯತ್ಯಾಸವೇನು? ಕೇರಳದಲ್ಲಿ ಕೋರ್ಟು ಬೇರೆ ಇತ್ತು, ಬೇರೆ ಪಕ್ಷಗಳಿದ್ದವು, ಬೇರೆ ಪತ್ರಿಕೆಗಳಿದ್ದವು, ಮತ್ತೆ ಚುನಾವಣೆ ಬರುವುದಿತ್ತು. ಯಜಮಾನ ಒಬ್ಬನೇ ಆಗಿರಲಿಲ್ಲ.

ಬಾವುಟ ಬೇರೆಯಾದರೆ ಸಾಕು ಎಂದೂ ನಂಬಬೇಡಿ. 1975ರ ಜೂನ್ 25ರಂದು ನಮ್ಮ ದೇಶದಲ್ಲೇ ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಆಗ ನಮ್ಮ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿ ತಮ್ಮ ಪುಸ್ತಕ ತಾವೇ ಅಚ್ಚು ಹಾಕಿದ ಮನುಷ್ಯ ಅವರು. ಅವರ ಎದೆಗಾರಿಕೆ ದೊಡ್ಡದು. ಆದರೆ ಆ ಅಚ್ಚಿನ ಮೊಳೆಗಳೂ, ಪುಸ್ತಕ ಕೊಂಡ ಓದುಗರೂ ಅವರ ಬೆನ್ನಿಗಿದ್ದರು ಎಂಬುದನ್ನು ಮರೆಯಬಾರದು. ರಷ್ಯದ ಕವಿಗೆ ಆ ಎರಡೂ ಇರಲಿಲ್ಲ.

ಆದುದರಿಂದ ಬಂಧುಗಳೇ, ಕಾರ್ಖಾನೆ ಸಮಾಜದ್ದಾಗಲಿ ಎಂದು ನಾವು ಹೇಳುವಾಗ ಇನ್ನೊಂದು ಮಾತನ್ನೂ ಸೇರಿಸಿಯೇ ಹೇಳಬೇಕು: ಸಂಘ ಕಾರ್ಮಿಕರ ಕೈಯಲ್ಲಿರಲಿ, ಪತ್ರಿಕೆ ಸರಕಾರದ ಕೈಯಲ್ಲಿ ಬೇಡ, ಲೇಖಕನ ಅನ್ನ ಯಾವ ಪಕ್ಷದ ಕೈಯಲ್ಲಿಯೂ ಬೇಡ. ನಾಳೆ ನಮ್ಮ ಪಕ್ಷವೇ ಗದ್ದುಗೆ ಏರಿ, ನಮ್ಮನ್ನು ಬೈದ ಬರಹ ಅಚ್ಚಾಗಬಾರದೆಂದರೆ, ಮೊದಲು ಎದ್ದು ನಿಲ್ಲಬೇಕಾದವರು ನೀವು. ಆ ದಿನ ಈ ಮೇಷ್ಟ್ರು "ಎಲ್ಲ ಸುಸ್ಥಿತಿಯಲ್ಲಿದೆ" ಎಂದು ಬರೆದರೆ ನಂಬಬೇಡಿ. ಮಾಡಿನ ಕಡೆ ಒಮ್ಮೆ ತಲೆಯೆತ್ತಿ ನೋಡಿ.