ಬಾಸೆಲ್ ಮಿಶನ್ ಮತ್ತು ತುಳುನಾಡು: ಮತಾಂತರ, ಜೀವನೋಪಾಯ, ಸಭಾಶಿಸ್ತು

ಕ್ರೈಸ್ತಧರ್ಮವು ಕರ್ನಾಟಕದ ಸಮಾಜದ ಮೇಲೆ ಬೀರಿದ ಪ್ರಭಾವವನ್ನು ಕುರಿತ ಚರ್ಚೆ ಸಾಮಾನ್ಯವಾಗಿ ಶಾಲೆ, ಆಸ್ಪತ್ರೆ, ಮುದ್ರಣಾಲಯಗಳ ಪಟ್ಟಿಯಿಂದ ಆರಂಭವಾಗಿ ಆ ಪಟ್ಟಿಯಲ್ಲಿಯೇ ಮುಗಿಯುತ್ತದೆ. ಪಟ್ಟಿಯಲ್ಲಿ ಸುಳ್ಳಿಲ್ಲ, ಆದರೆ ಸುವಾರ್ತೆ ಸಾರಲೆಂದು ಸಮುದ್ರ ದಾಟಿ ಬಂದವರು ಮಂಗಳೂರಿನಲ್ಲಿ ಹಂಚು ಸುಡುವ, ಬಟ್ಟೆ ನೇಯಿಸುವ ಉದ್ಯಮಕ್ಕೆ ಏಕೆ ಇಳಿದರು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಆ ಉತ್ತರವು ಧರ್ಮಬೋಧೆಯಲ್ಲಿ ಇಲ್ಲ. ಧರ್ಮ ಬದಲಿಸಿದ ವ್ಯಕ್ತಿಯು ಮರುದಿನ ಉಣ್ಣುವುದು ಏನನ್ನು ಎಂಬ ಸಮಸ್ಯೆಯಲ್ಲಿದೆ.

ಕರಾವಳಿಗೆ ಕ್ರೈಸ್ತಧರ್ಮ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದುದಲ್ಲ. ಗೋವೆಯ ಮೂಲದ ಕೊಂಕಣಿ ಕಥೋಲಿಕರು ಅದಕ್ಕೆ ಬಹಳ ಹಿಂದೆಯೇ ಇಲ್ಲಿ ನೆಲೆಸಿದ್ದರು, 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸವನ್ನೂ ದಾಟಿ ಮರಳಿ ಬೇರೂರಿದ್ದರು. ಅವರು ಬರುವಾಗಲೇ ಕ್ರೈಸ್ತರಾಗಿದ್ದು ಕುಟುಂಬ, ಕಸುಬು, ಚರ್ಚುಗಳೊಂದಿಗೆ ಬಂದವರಾದ್ದರಿಂದ ಇಲ್ಲಿ ಎತ್ತಿಕೊಂಡ ಸಮಸ್ಯೆ ಅವರಿಗೆ ಆ ರೂಪದಲ್ಲಿ ಎದುರಾಗಲಿಲ್ಲ. ಅದು ಎದುರಾದದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪನೆಯಾದ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ನಿಗೆ. ಈಸ್ಟ್ ಇಂಡಿಯಾ ಕಂಪನಿಯ 1833ರ ಸನ್ನದು ಬ್ರಿಟಿಷರಲ್ಲದ ಮಿಶನರಿಗಳಿಗೂ ದಾರಿ ತೆರೆದ ಮರುವರ್ಷವೇ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಿಳಿದರು. ಮುಂದಿನ ಏಳೆಂಟು ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿಯೂ ಮಿಶನ್ನಿನ ಠಾಣೆಗಳು ಏರ್ಪಟ್ಟವು.

ತುಳುನಾಡಿನಲ್ಲಿ ದೀಕ್ಷಾಸ್ನಾನ, ಎಂದರೆ ಕ್ರೈಸ್ತಸಭೆಗೆ ಸೇರಿಸಿಕೊಳ್ಳುವ ಜಲಸಂಸ್ಕಾರವನ್ನು ಪಡೆದವರಲ್ಲಿ ಬಿಲ್ಲವರ ಸಂಖ್ಯೆಯೇ ಹೆಚ್ಚು. ಬಿಲ್ಲವರಲ್ಲಿ ಅನೇಕರ ಕಸುಬು ಮೂರ್ತೆ, ಎಂದರೆ ತಾಳೆ ಮತ್ತು ತೆಂಗಿನ ಮರಗಳಿಂದ ಶೇಂದಿ ಇಳಿಸುವ ಕೆಲಸ. ಕುಡಿತವನ್ನು ಪಾಪವೆಂದು ಬಗೆದ ಮಿಶನ್ ತನ್ನ ಸದಸ್ಯರಿಗೆ ಆ ಕೆಲಸವನ್ನು ನಿಷೇಧಿಸಿತು. ಉಳಿದವರಲ್ಲಿ ಅನೇಕರು ಚಾಲಗೇಣಿಯ, ಎಂದರೆ ಧಣಿ ಬೇಡವೆಂದ ದಿನ ಬಿಟ್ಟು ಏಳಬೇಕಾದ ಗೇಣಿಯ ಒಕ್ಕಲುಗಳು. ಊರಿನ ದೈವದ ಕುಣಿತದ ಆಚರಣೆಯಾದ ಭೂತದ ಕೋಲಕ್ಕೆ, ದೈವಸ್ಥಾನವಾದ ಗರಡಿಯ ಸೇವೆಗೆ ಬಾರದ ಒಕ್ಕಲನ್ನು ಇಟ್ಟುಕೊಳ್ಳಲು ಗುತ್ತಿನ, ಎಂದರೆ ಊರಿನ ಭೂಮಾಲಿಕ ಮನೆತನದವರಿಗೆ ಮನಸ್ಸಿರಲಿಲ್ಲ, ಏಕೆಂದರೆ ಭೂತಾರಾಧನೆಯು ಭಕ್ತಿಯ ವಿಷಯವಾಗಿದ್ದಷ್ಟೇ ಭೂಮಿಯ ಮೇಲಿನ ಅಧಿಕಾರದ ವ್ಯವಸ್ಥೆಯೂ ಆಗಿತ್ತು.

ಇನ್ನು ಕುಟುಂಬದ ಆಸ್ತಿ. ಮತ ಬದಲಿಸಿದ ಮಾತ್ರಕ್ಕೆ ಯಾರೂ ಪಿತ್ರಾರ್ಜಿತ ಹಕ್ಕನ್ನು ಕಳೆದುಕೊಳ್ಳಬಾರದೆಂದು 1850ರ ಕಾಯಿದೆಯೊಂದು ಸಾರಿತ್ತು. ಆದರೆ ತುಳುನಾಡಿನ ಬಹುಪಾಲು ಜಾತಿಗಳಲ್ಲಿ ನಡೆಯುತ್ತಿದ್ದುದು ಅಳಿಯಸಂತಾನ ಕಟ್ಟು; ಅದರಂತೆ ಆಸ್ತಿಯು ತಾಯಿಯ ಕಡೆಯಿಂದ ಇಳಿಯುತ್ತಿತ್ತು, ಗಂಡಸಿನ ನಂತರ ಯಜಮಾನಿಕೆ ಅವನ ಸೋದರಳಿಯನಿಗೆ ಸಲ್ಲುತ್ತಿತ್ತು, ಎಲ್ಲಕ್ಕಿಂತ ಮುಖ್ಯವಾಗಿ ಎಲ್ಲ ಸದಸ್ಯರೂ ಒಪ್ಪದೆ ಪಾಲು ಕೇಳುವಂತಿರಲಿಲ್ಲ. ಒಟ್ಟಿಗಿದ್ದು ಉಣ್ಣುವುದೇ ಹಕ್ಕಿನ ರೂಪವಾಗಿದ್ದ ಮನೆಯಲ್ಲಿ, ಒಟ್ಟಿಗೆ ಕೂರಿಸದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತಿತ್ತು. ಹೆಣ್ಣುಮಕ್ಕಳ ಸ್ಥಿತಿಯನ್ನು ಇಲ್ಲಿ ಪ್ರತ್ಯೇಕವಾಗಿ ನೋಡಬೇಕು. ಮಿಶನ್ನಿನ ಶಾಲೆ ಅವರಿಗೆ ಅಕ್ಷರ ಕೊಟ್ಟಿತು, ಸಭೆ ಏಕಪತ್ನೀತ್ವದ ಭರವಸೆ ಕೊಟ್ಟಿತು. ಆದರೆ ಅಳಿಯಸಂತಾನದಲ್ಲಿ ಸಂತಾನದ ಮೂಲವಾಗಿದ್ದು ತವರಿನಲ್ಲಿ ಆಶ್ರಯದ ಅಧಿಕಾರವಿದ್ದ ಹೆಣ್ಣು, ಹೊಸ ವ್ಯವಸ್ಥೆಯಲ್ಲಿ ಗಂಡನ ಮನೆಯ ಹೆಂಡತಿಯಾದಳು. ಮಿಶನ್ನಿನ ಚರಿತ್ರೆ ಬರೆದವರು ಮೊದಲನೆಯದನ್ನು ವಿವರವಾಗಿ ಬರೆದಿದ್ದಾರೆ, ಎರಡನೆಯದನ್ನು ಲಾಭ ನಷ್ಟದ ಲೆಕ್ಕಕ್ಕೆ ಹಿಡಿದೇ ಇಲ್ಲ.

ಹೀಗೆ ಕಸುಬು, ಗೇಣಿ, ಮನೆ ಮೂರನ್ನೂ ಕಳೆದುಕೊಂಡು ಮಿಶನ್ ಆವರಣಕ್ಕೆ ಬಂದವರಿಗೆ ಕೆಲಸ ಒದಗಿಸುವುದು ಅನಿವಾರ್ಯವಾಯಿತು. ಗಡಿಯಾರ ತಯಾರಿಕೆ, ಬಡಗಿ ಕೆಲಸ, ಬೇಸಾಯದ ವಸಾಹತು ಎಲ್ಲವನ್ನೂ ಪ್ರಯತ್ನಿಸಿ ನೋಡಲಾಯಿತು, ಹೆಚ್ಚಿನವು ನಿಲ್ಲಲಿಲ್ಲ. ನಿಂತದ್ದು ನೇಯ್ಗೆ ಮತ್ತು ಹಂಚು. 1851ರಲ್ಲಿ ಬಂದ ನೇಕಾರ ಜಾನ್ ಹಾಲರ್ ಮಗ್ಗಗಳನ್ನು ಸುಧಾರಿಸಿ ಬಣ್ಣಗಾರಿಕೆಯನ್ನು ಬೆಳೆಸಿದ. ಖಾಕಿ ಬಣ್ಣ ಹುಟ್ಟಿದ್ದೇ ಮಂಗಳೂರಿನಲ್ಲಿ ಎಂಬ ಅಭಿಮಾನದ ಮಾತು ಬಹಳ ಪ್ರಚಾರದಲ್ಲಿದೆಯಾದರೂ ವಾಯವ್ಯ ಗಡಿಯ ಸೈನ್ಯದ ತುಕಡಿಯೊಂದು ಅದಕ್ಕೆ ಮೊದಲೇ ಆ ಬಣ್ಣದ ಉಡುಪು ತೊಡುತ್ತಿದ್ದುದರಿಂದ ಆ ಮಾತನ್ನು ಸ್ವಲ್ಪ ತಗ್ಗಿಸಿಯೇ ಹೇಳಬೇಕು.

ಹಂಚಿನ ವಿಷಯದಲ್ಲಿ ಅಂತಹ ಸಂಕೋಚ ಬೇಕಿಲ್ಲ. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿ ತೀರದ ಜೇಡಿಮಣ್ಣನ್ನು ಪರೀಕ್ಷಿಸಿ, 1865ರಲ್ಲಿ ಜೆಪ್ಪುವಿನಲ್ಲಿ ಯಂತ್ರದ ಹಂಚಿನ ಕಾರ್ಖಾನೆ ಆರಂಭಿಸಿದ. ಒಂದರ ಅಂಚಿನ ಏಣು ಇನ್ನೊಂದರ ತೋಡಿನಲ್ಲಿ ಕೂರುವ ಈ ಚಪ್ಪಟೆ ಹಂಚು, ನಾಡಹಂಚಿನಂತೆ ಪದರಪದರವಾಗಿ ಹೊದಿಸುವ ಅಗತ್ಯವಿಲ್ಲದ್ದರಿಂದ ಮಾಡಿನ ಭಾರವನ್ನು ಇಳಿಸಿತು. ವರ್ಷವರ್ಷವೂ ಮುಳಿಹುಲ್ಲು ಹೊದಿಸುವ ಕೆಲಸವನ್ನೂ ಬೆಂಕಿಯ ಭಯವನ್ನೂ ತಪ್ಪಿಸಿತು. ಹಳೆಯ ಮನೆಯೊಂದರ ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿದರೆ ಹಿಂಬದಿಯಲ್ಲಿ ಮಿಶನ್ನಿನ ಹೆಸರು ಮತ್ತು 1865 ಎಂಬ ಇಸವಿ ಉಬ್ಬಚ್ಚಿನಲ್ಲಿ ಕಾಣುತ್ತವೆ. ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹಂಚು ಸುಟ್ಟ ವರ್ಷವಲ್ಲ, ಈ ಗೊಂದಲದಿಂದ ಎಷ್ಟೋ ಮನೆಗಳಿಗೆ ಇಲ್ಲದ ವಯಸ್ಸು ಬಂದಿದೆ. ಬೇಗನೆ ಸ್ಥಳೀಯ ಉದ್ಯಮಿಗಳೂ ಈ ಕೈಗಾರಿಕೆಗೆ ಇಳಿದರು, ಮಂಗಳೂರು ಹಂಚು ಹಡಗೇರಿ ಮುಂಬಯಿಗೂ ಪರದೇಶಗಳಿಗೂ ಹೋಯಿತು. ಮತಾಂತರದ ಸಂಕಟಕ್ಕೆ ಹುಡುಕಿದ ಪರಿಹಾರವು ಮತಾಂತರದ ಗೊಡವೆಯೇ ಇಲ್ಲದ ಲಕ್ಷಾಂತರ ಮನೆಗಳ ಮಾಡಾಯಿತು.

ಕಾರ್ಖಾನೆಯು ಕೂಲಿಯ ಜೊತೆಗೆ ಒಂದು ಶಿಸ್ತನ್ನೂ ತಂದಿತು. ಗಂಟೆಗೆ ಸರಿಯಾಗಿ ಬರುವುದು, ಕೆಲಸಕ್ಕೆ ಮೊದಲು ಪ್ರಾರ್ಥನೆ, ಭಾನುವಾರದ ಬಿಡುವು, ಉಳಿತಾಯದ ಅಭ್ಯಾಸ ಇವು ಒಂದು ಕಡೆ. ಇನ್ನೊಂದು ಕಡೆ ಸಭೆ, ಎಂದರೆ ಊರಿನ ಕ್ರೈಸ್ತ ಸದಸ್ಯರ ಸಮುದಾಯ, ಸಭಾಪಾಲಕರು ಮತ್ತು ಹಿರಿಯರ ಮೂಲಕ ಪ್ರತಿಯೊಬ್ಬರ ಖಾಸಗಿ ನಡತೆಯನ್ನು ವಿಚಾರಿಸುತ್ತಿತ್ತು. ಕುಡಿದವರು, ಕೋಲ ನೋಡಲು ಹೋದವರು ರೊಟ್ಟಿ ಮತ್ತು ದ್ರಾಕ್ಷಾರಸಗಳನ್ನು ಹಂಚಿಕೊಳ್ಳುವ ಕರ್ತನ ಭೋಜನದ ಸಂಸ್ಕಾರದಿಂದ ಹೊರಗುಳಿಯಬೇಕಾಗುತ್ತಿತ್ತು. ಜಾತಿಯ ಕಟ್ಟಿನಿಂದ ಬಿಡಿಸಿಕೊಂಡ ವ್ಯಕ್ತಿ ಸಭೆಯ ಕಟ್ಟಿಗೆ ಒಳಪಟ್ಟನು. ಸಂಬಳ ಕೊಡುವವರೂ ಮನೆ ಕೊಡುವವರೂ ಮಕ್ಕಳಿಗೆ ಪಾಠ ಹೇಳುವವರೂ ಪಾಪದ ವಿಚಾರಣೆ ನಡೆಸುವವರೂ ಒಂದೇ ಸಂಸ್ಥೆಯವರಾಗಿದ್ದ ಈ ಏರ್ಪಾಡನ್ನು ವಿಮೋಚನೆ ಎಂದು ಮಾತ್ರ ಕರೆಯುವುದು ಅರ್ಧಸತ್ಯ. ಆದರೆ ಬಿಟ್ಟುಬಂದ ಧಣಿಯ ಅಂಗಳದಲ್ಲಿ ಕೂಲಿಯ ದರವಾಗಲಿ, ಓದಿದ ಮಗನಿಗೆ ಗುಮಾಸ್ತಿಕೆಯಾಗಲಿ ಇರಲಿಲ್ಲವೆಂಬುದನ್ನು ಮರೆತರೆ ಅದೂ ಅರ್ಧಸತ್ಯವೇ.

ಭಾಷೆಯ ಕ್ಷೇತ್ರದ ಪ್ರಭಾವ ಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸಬೇಕಿಲ್ಲ. ಮಿಶನ್ನಿನ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ ‘ಮಂಗಳೂರ ಸಮಾಚಾರ’ ಪತ್ರಿಕೆಯೂ, ಮಿಶನ್ನಿನವರೇ ಆದ ಕಿಟ್ಟೆಲ್ 1894ರಲ್ಲಿ ಪ್ರಕಟಿಸಿದ ಕನ್ನಡ ನಿಘಂಟೂ ಎಲ್ಲರಿಗೂ ತಿಳಿದಿವೆ. ಗಮನಿಸಬೇಕಾದ ಸಂಗತಿ ಬೇರೆ. ಕನ್ನಡ ಜನರನ್ನು ಅವರ ಧರ್ಮದಿಂದ ತಿರುಗಿಸಬಯಸಿದ ಮಿಶನರಿಗಳು ಮೊದಲು ಅವರನ್ನು ಅರಿಯಬೇಕೆಂದು ಹೊರಟು, ಬಸವಪುರಾಣವನ್ನೂ ಜೈಮಿನಿ ಭಾರತವನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು. ಇದರ ವೆಚ್ಚವನ್ನು ಭರಿಸಿದ್ದು ಮಿಶನ್ನಲ್ಲ, ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶ. ವೀರಶೈವರ ಮತ್ತು ಹರಿದಾಸರ ಸಾಹಿತ್ಯ ಓಲೆಗರಿಯಿಂದ ಅಚ್ಚಿನ ಪುಟಕ್ಕೆ ಬಂದ ಮೊದಲ ಪ್ರಯತ್ನಗಳಲ್ಲಿ ಒಂದು ಹೀಗೆ ನಡೆಯಿತು.

ಚರ್ಚಿನ ಪ್ರಭಾವ ಅದರ ಸದಸ್ಯರಲ್ಲಿಯೇ ನಿಲ್ಲಲಿಲ್ಲ. ಸಮಾಜಸುಧಾರಕ ಕುದ್ಮುಲ್ ರಂಗರಾಯರು 1897ರಲ್ಲಿ ದಲಿತರ ಶಿಕ್ಷಣಕ್ಕೆ ಸಂಸ್ಥೆ ಕಟ್ಟಿದಾಗ, 1912ರಲ್ಲಿ ನಾರಾಯಣಗುರುಗಳಿಂದ ಕುದ್ರೋಳಿಯಲ್ಲಿ ಬಿಲ್ಲವರ ದೇವಾಲಯ ಪ್ರತಿಷ್ಠೆಯಾದಾಗ, ಮತ ಬಿಡದೆಯೇ ಮರ್ಯಾದೆ ದೊರೆಯಬೇಕೆಂಬ ಒತ್ತಾಯಕ್ಕೆ ಬಲ ಬಂದಿತ್ತು. ಕೆಳಜಾತಿಯವರಿಗೆ ಹೋಗಲು ಬೇರೊಂದು ಬಾಗಿಲು ತೆರೆದಿದೆ ಎಂಬ ಅರಿವೂ ಆ ಬಲದ ಒಂದು ಭಾಗ.

ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾದರು, ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಮಂಗಳೂರಿನ ಬಲ್ಮಠದಲ್ಲಿಯೂ ಬಾಸೆಲ್ ನಗರದಲ್ಲಿಯೂ ಉಳಿದಿರುವ ಮಿಶನ್ನಿನ ದಾಖಲೆಗಳನ್ನು ಇಂದಿಗೂ ಹೆಚ್ಚಾಗಿ ಬಳಸುವವರು ಮಿಶನರಿಗಳ ಚರಿತ್ರೆ ಬರೆಯುವವರೇ. ಬಿಟ್ಟುಬಂದ ಮನೆ, ಕಳೆದುಕೊಂಡ ಗೇಣಿ, ಪಡೆದ ಕೂಲಿ ಇವುಗಳ ಕಡೆಯಿಂದ ಅವನ್ನು ಓದುವ ಕೆಲಸಕ್ಕೆ ಕನ್ನಡ ಮತ್ತು ತುಳು ಬಲ್ಲ, ಅಳಿಯಸಂತಾನದ ಕಟ್ಟನ್ನು ಒಳಗಿನಿಂದ ಅರಿತ ಸಂಶೋಧಕರು ಕೈಹಾಕಬೇಕಾಗಿದೆ.