ರಸ್ತೆಗೂ ಒಂದು ಪಹಣಿ ಬೇಕು

(ಸುಳ್ಯ ತಾಲೂಕಿನಲ್ಲಿ ನಡೆದ ರೈತರ ಸಭೆಯೊಂದರಲ್ಲಿ ಆಡಿದ ಮಾತುಗಳು. ಓದುಗರಿಗಾಗಿ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)



ನನ್ನನ್ನು ಇಲ್ಲಿಗೆ ಕರೆದದ್ದು ಧಾರಣೆಯ ಬಗ್ಗೆ ಮಾತಾಡಲಿಕ್ಕೆ. ಅಡಿಕೆ, ರಬ್ಬರು, ಸಾಲ, ಬಡ್ಡಿ – ನಾವು ನಾಲ್ಕು ಜನ ಸೇರಿದಲ್ಲೆಲ್ಲ ಇದೇ ಮಾತು. ಇವತ್ತು ನಾನು ರಸ್ತೆಯ ವಿಷಯ ಹೇಳ್ತೇನೆ. ಧಾರಣೆ ಬಿಟ್ಟು ಇವರು ಡಾಮರು ಹಿಡಿದುಕೊಂಡರಲ್ಲ ಅಂತ ನಿಮಗೆ ಅನ್ನಿಸಬಹುದು. ಬಿಟ್ಟಿಲ್ಲ. ಅದನ್ನೇ ಇನ್ನೊಂದು ದಾರಿಯಿಂದ ಹೇಳಲು ಹೊರಟಿದ್ದೇನೆ.

1973ರಲ್ಲಿ ಕ್ಯಾಂಪ್ಕೊ ಹುಟ್ಟಿತು, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕಲೇಟು ಕಾರ್ಖಾನೆ ಬಂತು. ಇವತ್ತು ಬೆಳಿಗ್ಗೆ ಪುತ್ತೂರಿನಲ್ಲಿ ಅಡಿಕೆಗೆ ಒಂದು ಧಾರಣೆ ನಿಂತರೆ ಪೇಟೆ ಬದಿಯವನಿಗೂ ಅದೇ, ಕಲ್ಮಕಾರಿನವನಿಗೂ ಅದೇ. ಆದರೆ ಇಬ್ಬರ ಕೈಗೂ ಬರುವ ದುಡ್ಡು ಒಂದೇ ಅಲ್ಲ. ನಮ್ಮ ಮನೆಯಿಂದ ದೊಡ್ಡ ರಸ್ತೆಗೆ ಎರಡೂವರೆ ಕಿಲೋಮೀಟರು. ದಾರಿ ಸರಿ ಇದ್ದ ವರ್ಷ ಪಿಕಪ್ಪಿನವರು 1,500 ರೂಪಾಯಿಗೆ ಬರ್ತಿದ್ದರು. ಹೊಂಡ ಬಿದ್ದ ವರ್ಷ 2,200 ಕೇಳಿದರು, ಅದೂ ಅರ್ಧ ಲೋಡಿಗೆ. ಅವರನ್ನು ಬೈದು ಪ್ರಯೋಜನ ಇಲ್ಲ. ಪ್ಲೇಟು ತುಂಡಾದರೆ, ಟಯರು ಹೋದರೆ ಅವರ ಬಾಡಿಗೆ ಮೂರು ದಿನ ನಿಲ್ತದೆ. ಆ ಗಾಡಿಯೂ ಸಾಲದ್ದೇ. ಇದು ಊರಿನಿಂದ ಹೊರಗೆ ಹೋಗುವ ಮಾಲಿನ ಕಥೆಯಾಯಿತು. ಒಳಗೆ ಬರುವ ಗೊಬ್ಬರ, ಸುಣ್ಣ, ಮೈಲುತುತ್ತು, ಮದ್ದು ಬಿಡುವ ಜನ ಎಲ್ಲರೂ ಅದೇ ಹೊಂಡ ಹಾರಿ ಬರಬೇಕು. ಬೆಳಿಗ್ಗೆ ಸೊಸೈಟಿಗೆ ಹಾಲು ಕೊಂಡುಹೋಗುವವರ ಬೈಕೂ ಅಲ್ಲೇ ಏಳಬೇಕು, ಬೀಳಬೇಕು. ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆಯವರು 1982ರಲ್ಲಿ ಮುಗಿಸಿದ ಒಂದು ದೊಡ್ಡ ಅಧ್ಯಯನ ಉಂಟು: ರಸ್ತೆ ಒರಟಾದ ಹಾಗೆ ಎಣ್ಣೆ, ಟಯರು, ಬಿಡಿಭಾಗಗಳ ಖರ್ಚು ಏರ್ತದೆ ಅಂತ ಅವರು ನಮ್ಮ ದೇಶದ ರಸ್ತೆಗಳಲ್ಲೇ ಅಳೆದು ತೋರಿಸಿದರು. ನಮಗೆ ಅಳೆಯುವ ಯಂತ್ರ ಬೇಡ, ಬಾಡಿಗೆ ಚೀಟಿ ಸಾಕು. ಹೊಂಡವೂ ಒಂದು ದಲ್ಲಾಳಿ, ಮಾರಾಯ್ರೆ. ಅದಕ್ಕೂ ಕಮಿಷನ್ ಉಂಟು.

ಇನ್ನು ರಸ್ತೆ ಹಾಳಾಗುವುದು ಹೇಗೆ? ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವ, ಇಂಜಿನಿಯರ್ ಅಲ್ಲ. ಆದರೆ ಅಡಿಕೆ ತೋಟ ಮಾಡಿದವರಿಗೆ ಈ ಪಾಠ ಹೊಸತಲ್ಲ. ತೋಟದಲ್ಲಿ ಕಣಿ ಯಾಕೆ ತೆಗೆಯುತ್ತೇವೆ? ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೆ. ರಸ್ತೆಗೂ ಬೇರು ಉಂಟು. ಕೆಳಗೆ ಗಟ್ಟಿ ಮಾಡಿದ ಮಣ್ಣು, ಅದರ ಮೇಲೆ ಜಲ್ಲಿಯ ಪದರಗಳು, ಕಟ್ಟಕಡೆಗೆ ಡಾಮರು. ಹಳ್ಳಿ ರಸ್ತೆಗೆ ಸಾಮಾನ್ಯವಾಗಿ ಹಾಕುವ ಡಾಮರು ಜಲ್ಲಿಯ ಹೊದಿಕೆ ಎಷ್ಟು ದಪ್ಪ ಗೊತ್ತುಂಟಾ? 20 ಮಿಲಿಮೀಟರು. ನನ್ನ ಹೆಬ್ಬೆರಳಿನ ಅಗಲ. ಭಾರ ಹೊರುವುದು ಅದಲ್ಲ, ಅದು ಬರೇ ಕೊಡೆ. ಭಾರ ಹೊರುವುದು ಕೆಳಗಿನ ಜಲ್ಲಿ ಮತ್ತು ಮಣ್ಣು. ಕೊಡೆ ಹರಿದು ನೀರು ಕೆಳಗೆ ಇಳಿಯಿತೋ, ಮಣ್ಣು ಮೆತ್ತಗಾಯಿತು, ಚಕ್ರ ಹೋದಾಗ ಜಲ್ಲಿ ಕೂತುಕೊಂಡಿತು, ಹೊಂಡ ಬಿತ್ತು. ಒಳ್ಳೆಯ ರಸ್ತೆಯ ನಡು ಅಂಚಿಗಿಂತ ಸುಮಾರು ಎರಡು ಇಂಚು ಎತ್ತರ ಇರಬೇಕು, ನೀರು ಎರಡೂ ಬದಿಗೆ ಹರಿದು ಚರಂಡಿಗೆ ಬೀಳಬೇಕು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರು ಮಳೆ. ಚರಂಡಿ ಇಲ್ಲದ ಕಡೆ ಎಷ್ಟು ಒಳ್ಳೆಯ ಡಾಮರು ಹಾಕಿದರೂ ಮೂರನೇ ಆಟಿ ತಿಂಗಳಿಗೆ ನಿಲ್ಲುವುದಿಲ್ಲ.

ನೀರಿನ ನಂತರದ ಶತ್ರು ಭಾರ. ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಎಂಬ ಊರಿನ ಹತ್ತಿರ 1958ರಿಂದ 1960ರವರೆಗೆ ಬೇರೆಬೇರೆ ದಪ್ಪದ ರಸ್ತೆ ಮಾಡಿ, ಬೇರೆಬೇರೆ ಭಾರದ ಲಾರಿಗಳನ್ನು ಎಡೆಬಿಡದೆ ಓಡಿಸಿ ನೋಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ಪೆಟ್ಟು ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು ಅಂತ ಕಂಡುಬಂತು. ನಾಲ್ಕು ಸಲ ಗುಣಿಸುವ ಲೆಕ್ಕ ಅದು. ಹಾಗಾಗಿ ನಮ್ಮ ಬೈಕು, ಜೀಪು, ಆಟೋಗಳಿಂದ ರಸ್ತೆಗೆ ಆಗುವುದು ಏನೇನೂ ಅಲ್ಲ. ಹೊರೆ ಮೀರಿ ಮರ ತುಂಬಿದ, ಮುರಕಲ್ಲು ತುಂಬಿದ ಒಂದು ಲಾರಿ ಒಂದೇ ಓಟದಲ್ಲಿ ಮಾಡಿ ಹೋಗುವುದನ್ನು ನಾವು ವರ್ಷವಿಡೀ ಓಡಾಡಿದರೂ ಮಾಡಲಾರೆವು. 2018ರ ಜುಲೈಯಲ್ಲಿ ಕೇಂದ್ರ ಸರಕಾರ ನಾಲ್ಕು ಟಯರಿನ ಒಂದು ಅಚ್ಚಿಗೆ 10.2 ಟನ್ ಇದ್ದ ಮಿತಿಯನ್ನು 11.5 ಟನ್ನಿಗೆ ಏರಿಸಿತು. ನೋಡುವಾಗ ಸಣ್ಣ ಏರಿಕೆ. ಮೇಲಿನ ಲೆಕ್ಕದಲ್ಲಿ ಗುಣಿಸಿ ನೋಡಿ, ರಸ್ತೆಗೆ ಪೆಟ್ಟು ನೂರಕ್ಕೆ ಅರುವತ್ತು ಹೆಚ್ಚು. ಲಾರಿಯವರಿಗೆ ಉಳಿತಾಯ, ರಸ್ತೆಯ ಖಾತೆಗೆ ಸಾಲ. ಆದರೆ ಆ ಮರ ಯಾರದ್ದು, ಆ ಕಲ್ಲು ಯಾರ ಮನೆಗೆ ಹೋಗುವುದು? ನಮ್ಮದೇ. ಇದನ್ನೂ ಹೇಳಬೇಕು.

ಸಾಲ ಅಂದೆ. ಬಂಧುಗಳೇ, ಸಾಲ ಏನೆಂದು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಸ ರಸ್ತೆ ಮೊದಲ ನಾಲ್ಕೈದು ವರ್ಷ ನೋಡಲು ಚಂದವೇ ಇರ್ತದೆ. ಒಳಗೆ ಸಣ್ಣ ಬಿರುಕು, ಅಂಚಿನಲ್ಲಿ ಸ್ವಲ್ಪ ಕೊರೆತ, ಅಷ್ಟೆ. ಆಮೇಲೆ ಎರಡೇ ಮಳೆಗಾಲದಲ್ಲಿ ಎಲ್ಲ ಒಟ್ಟಿಗೆ ಕಿತ್ತುಬರ್ತದೆ. ಚಂದ ಇರುವಾಗ ಬಿರುಕು ಮುಚ್ಚಿ, ಚರಂಡಿ ಬಿಡಿಸಿ, ಮೇಲೊಂದು ತೆಳು ಹೊದಿಕೆ ಹಾಕಿದರೆ ಸ್ವಲ್ಪದರಲ್ಲಿ ಮುಗಿಯುತ್ತದೆ. ಬಿಟ್ಟರೆ ಬುಡದಿಂದ ಅಗೆದು ಹೊಸತಾಗಿ ಕಟ್ಟಬೇಕು. ಮಾಡಿನಲ್ಲಿ ಒಡೆದ ಒಂದು ಹಂಚು ಬದಲಿಸದವನು ಪಕ್ಕಾಸು ಬದಲಿಸಿದ ಹಾಗೆ. ವಿಶ್ವ ಬ್ಯಾಂಕಿನ 1994ರ ವರದಿಯಲ್ಲಿ ಆಫ್ರಿಕದ ಲೆಕ್ಕ ಉಂಟು: ಹಿಂದಿನ ಹತ್ತು ವರ್ಷಗಳಲ್ಲಿ ಸಮಯಕ್ಕೆ ಸರಿಯಾಗಿ 1,200 ಕೋಟಿ ಡಾಲರ್ ನಿರ್ವಹಣೆಗೆ ಹಾಕಿದ್ದರೆ ಹೊಸತಾಗಿ ಕಟ್ಟುವ 4,500 ಕೋಟಿ ಡಾಲರ್ ಉಳಿಯುತ್ತಿತ್ತು ಅಂತ. ಹಾಕದ ಡಾಮರೂ ಸಾಲವೇ, ಅದಕ್ಕೆ ನೋಟೀಸು ಬರುವುದಿಲ್ಲ ಅಷ್ಟೇ. ಬೋರ್ಡೋ ಮಳೆಗೆ ಮೊದಲು ಹೊಡೆದರೆ ಕೊಳೆರೋಗ ತಡೆಯುತ್ತದೆ, ಕಾಯಿ ಉದುರಿದ ಮೇಲೆ ಹೊಡೆದರೆ ಮದ್ದಿನ ಖರ್ಚು ಮಾತ್ರ ನಮ್ಮದು.

ಈಗ ನನ್ನದೇ ಒಂದು ಕಥೆ. ಹೇಳಲು ನಾಚಿಕೆ, ಆದರೂ ಹೇಳ್ತೇನೆ. ಕೆಲವು ವರ್ಷಗಳ ಹಿಂದೆ ಅಂಗಳಕ್ಕೆ ಜೀಪು ಇಳಿಯಲಿ ಅಂತ ಗೇಟಿನ ಎದುರು ಚರಂಡಿಗೆ ಮಣ್ಣು ಹಾಕಿ, ಅಡಿಯಲ್ಲಿ ಆರು ಇಂಚಿನ ಪೈಪು ಇಟ್ಟೆ. ಗುಡ್ಡೆಯ ನೀರು ಪೂರಾ ಆ ಪೈಪಿನಲ್ಲಿ ಹೋಗಬೇಕಿತ್ತು. ಜೂನಿನಲ್ಲಿ ಹೋಯಿತು. ಆಟಿಯಲ್ಲಿ ಸೋಗೆ, ತರಗೆಲೆ ಸಿಕ್ಕಿ ಕಟ್ಟಿತು. ಒಂದು ರಾತ್ರಿ ನೀರು ರಸ್ತೆ ಮೇಲೆಯೇ ಹರಿದು, ಕೆಳಗಿನ ಬದಿಯನ್ನು ಹನ್ನೆರಡು ಅಡಿ ಉದ್ದಕ್ಕೆ ಕಿತ್ತುಕೊಂಡು ತೋಡಿಗೆ ಹೋಯಿತು. ಅದಾಗಿ ನಾಲ್ಕನೇ ದಿನ ಮೇಲಿನ ಮನೆಯ ಹಿರಿಯರಿಗೆ ಎದೆನೋವು. ಕುರ್ಚಿಯಲ್ಲಿ ಕೂರಿಸಿ, ಮಳೆಯಲ್ಲಿ, ಸರದಿ ಪ್ರಕಾರ ಹೊತ್ತು ದೊಡ್ಡ ರಸ್ತೆಗೆ ತಂದೆವು. ದೇವರ ದಯೆ, ಉಳಿದರು. ಅದರ ಮರುದಿನ ಪಂಚಾಯತಿಗೆ ಜೋರಾದ ಮನವಿ ಬರೆದೆವು, ಸರಕಾರವನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡು. ಮೊದಲ ಸಹಿ ನನ್ನದೇ. ಮಣ್ಣು ಹಾಕಲು ಬಂದ ಒಬ್ಬರು ಹಾರೆ ಊರಿ ನಿಂತು ಹೇಳಿದರು: ‘ಅಣ್ಣ, ಇದು ಮಳೆ ಕಿತ್ತದ್ದಲ್ಲ, ನಿಮ್ಮ ಪೈಪು ಕಿತ್ತದ್ದು.’ ನಾನು ಆ ಪೈಪನ್ನು ತೆಗೆಸಿ ಎರಡು ಅಡಿಯ ಮೋರಿ ಹಾಕಿಸಿದೆ. ಖರ್ಚು ನನ್ನದೇ. ಆದರೆ ಮೇಲಿನ ಮನೆಯವರ ಎದುರು ಕೂತು ಇದನ್ನು ಹೇಳಲು ನನಗೆ ಮತ್ತೊಂದು ವರ್ಷ ಬೇಕಾಯಿತು.

ಈ ಸಭೆಯಲ್ಲಿ ಕೂತವರಲ್ಲಿ ಎಷ್ಟು ಜನರ ಗೇಟಿನ ಎದುರು ಅಂಥ ಪೈಪು ಉಂಟೆಂದು ನಾನು ಕೇಳುವುದಿಲ್ಲ. ತೋಟದ ನೀರನ್ನು ರಸ್ತೆಗೆ ಬಿಟ್ಟವರು ಎಷ್ಟು, ಕುಡಿಯುವ ನೀರಿನ ಪೈಪಿಗೆ ಅಗೆದ ಚರಂಡಿ ಹಾಗೇ ಬಿದ್ದಿದ್ದರೂ ಸುಮ್ಮನಿದ್ದವರು ಎಷ್ಟು, ಅದನ್ನೂ ಕೇಳುವುದಿಲ್ಲ. ನಾನು ಸಣ್ಣವನಿದ್ದಾಗ ದೊಡ್ಡ ರಸ್ತೆಯಲ್ಲಿ ಗ್ಯಾಂಗಿನವರು ಇರ್ತಿದ್ದರು. ಅವರವರ ಪಾಲಿನ ಮೈಲು ಅವರವರಿಗೆ ಗೊತ್ತು, ಯಾವ ಮೋರಿ ಯಾವ ಮಳೆಗೆ ಕಟ್ಟುತ್ತದೆ ಅನ್ನುವುದೂ ಗೊತ್ತು. ಹಳ್ಳಿ ರಸ್ತೆಗೆ ಅಂಥವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಮ್ಮ ಒಂದೊಂದು ತುಂಡು ಭೂಮಿಗೂ ಪಹಣಿ ಉಂಟು. ಸರ್ವೆ ನಂಬ್ರ, ವಿಸ್ತೀರ್ಣ, ಬೆಳೆ, ಅದರ ಮೇಲಿನ ಸಾಲ ಎಲ್ಲ ಅದರಲ್ಲಿ ಬರ್ತದೆ. ಲಕ್ಷಗಟ್ಟಲೆ ಸುರಿದ ರಸ್ತೆಗೆ ಅಂಥ ಪಹಣಿ ನಮ್ಮ ಕೈಯಲ್ಲಿ ಉಂಟಾ? ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳಿಗೆ ಲೋಕೋಪಯೋಗಿ ಇಲಾಖೆಯಲ್ಲಿ ಯೋಜನೆ ಮತ್ತು ರಸ್ತೆ ಆಸ್ತಿ ನಿರ್ವಹಣಾ ಕೇಂದ್ರ ಅಂತಲೇ ಬೆಂಗಳೂರಿನಲ್ಲಿ ಒಂದು ವಿಭಾಗ ಮಾಡಿದ್ದಾರೆ. ಹೆಸರು ಸರಿಯಾಗಿಯೇ ಉಂಟು. ರಸ್ತೆ ಆಸ್ತಿ, ಉದ್ಘಾಟನೆಯ ಕಲ್ಲಲ್ಲ. ಆದರೆ ಗುತ್ತಿಗಾರಿನ, ಪಂಜದ, ಆಲಂಕಾರಿನ ಒಳರಸ್ತೆಗಳನ್ನು ಬೆಂಗಳೂರಿನಲ್ಲಿ ಕೂತು ನೋಡಲಾಗದು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಹಳ್ಳಿ ರಸ್ತೆಯ ನಿರ್ವಹಣೆ ಗ್ರಾಮ ಪಂಚಾಯತಿನ ಕೆಲಸಗಳಲ್ಲಿ ಸೇರಿದೆ. ಪಂಚಾಯತು ಅಂದರೆ ವಾರ್ಡು ಸಭೆಯಲ್ಲಿ ಕೂರುವ ನಾವೇ.

ಅದಕ್ಕೆ ನಾವು ಆರು ಜನ ಸೇರಿ ಎರಡು ಬೇಸಗೆಯಲ್ಲಿ ವಾರ್ಡಿನ ರಸ್ತೆಗಳನ್ನೆಲ್ಲ ನಡೆದು ಅಳೆದೆವು. ಟೇಪು, ಒಂದು ನೋಟುಪುಸ್ತಕ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಒಂದೊಂದು ರಸ್ತೆಗೂ ಒಂದು ಪುಟ. ಉದ್ದ, ಅಗಲ, ಯಾವ ವರ್ಷ ಯಾವ ಯೋಜನೆಯಲ್ಲಿ ಹಾಕಿದ್ದು, ಕೊನೆಗೆ ಯಾವಾಗ ಮುಟ್ಟಿದ್ದು, ಮೋರಿ ಎಷ್ಟು, ಕಟ್ಟಿದ್ದು ಎಷ್ಟು, ಹೊಂಡ ಎಷ್ಟು. ಯಾವ ವರ್ಷ ಹಾಕಿದ್ದೆಂದು ಯಾರಿಗೂ ನೆನಪಿಲ್ಲದಾಗ ಮದುವೆ, ಮನೆ ಒಕ್ಕಲುಗಳ ಲೆಕ್ಕ ಹಿಡಿದು ವರ್ಷ ಕಂಡುಹಿಡಿದೆವು. ಸಿಗದ ಕಡತಕ್ಕೆ 2005ರ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು.

ಈ ಪುಸ್ತಕದಿಂದ ಆದ ಮೊದಲ ಪ್ರಯೋಜನ ಹೇಳ್ತೇನೆ. 2000ದ ಡಿಸೆಂಬರಿನಲ್ಲಿ ಸುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ ಕಟ್ಟಿದ ಗುತ್ತಿಗೆದಾರರೇ ಐದು ವರ್ಷ ನಿರ್ವಹಣೆ ಮಾಡಬೇಕೆಂದು ಕರಾರಿನಲ್ಲೇ ಉಂಟು. ಯಾವ ವರ್ಷಕ್ಕೆ ಎಷ್ಟು ಹಣ ಎಂಬುದು ರಸ್ತೆ ಬದಿಯ ಫಲಕದಲ್ಲೇ ಬರೆದಿರ್ತದೆ. ನಾವು ಆ ಫಲಕವನ್ನು ಬೈಕು ಒರಗಿಸಲು ಮಾತ್ರ ಉಪಯೋಗಿಸಿದೆವು! ನಮ್ಮ ಒಂದು ರಸ್ತೆಗೆ ಐದು ವರ್ಷ ತುಂಬಲು ಏಳು ತಿಂಗಳು ಉಳಿದಿದೆ ಅಂತ ಪುಸ್ತಕದಿಂದ ಗೊತ್ತಾಯಿತು. ದಿನಾಂಕ ಬರೆದು ಅರ್ಜಿ ಕೊಟ್ಟೆವು. ಹೊಂಡ ಮುಚ್ಚಿದರು, ಚರಂಡಿ ಬಿಡಿಸಿದರು. ಗಲಾಟೆ ಮಾಡಬೇಕಾಗಲಿಲ್ಲ, ಧರಣಿಯೂ ಬೇಡವಾಯಿತು. ದಿನಾಂಕ ಗೊತ್ತಿದ್ದದ್ದೇ ಬಲ. ಇನ್ನೊಂದು ಮಾತು: ಡೀಸೆಲಿನ ಮೇಲಿನ ಸೆಸ್ಸಿನಲ್ಲಿ ಅರ್ಧ ಪಾಲು ಗ್ರಾಮೀಣ ರಸ್ತೆಗೆ ಅಂತ 2000ದ ಕೇಂದ್ರ ರಸ್ತೆ ನಿಧಿ ಕಾಯ್ದೆಯಲ್ಲೇ ಬರೆದಿತ್ತು. ಪಂಪು ಸೆಟ್ಟಿಗೆ, ಟಿಲ್ಲರಿಗೆ ಡೀಸೆಲ್ ಹೊಯ್ಯುವಾಗಲೂ ನಾವು ರಸ್ತೆಗೆ ಕೊಟ್ಟವರೇ. ಕೇಳುವಾಗ ತಲೆ ತಗ್ಗಿಸಿ ಕೇಳಬೇಕಾಗಿಲ್ಲ.

ಎರಡನೆಯದು ಅಷ್ಟು ಸುಲಭ ಆಗಲಿಲ್ಲ. ಗ್ರಾಮ ಸಭೆಯಲ್ಲಿ ನಾನು ಹೇಳಿದೆ: ಇರುವ ಹಣದಲ್ಲಿ ಮೊದಲು ಎಲ್ಲ ರಸ್ತೆಗಳ ಚರಂಡಿ, ಆಮೇಲೆ ಇನ್ನೂ ಗಟ್ಟಿ ಇರುವ ರಸ್ತೆಗಳಿಗೆ ಹೊದಿಕೆ, ಪೂರ್ತಿ ಹಾಳಾದದ್ದನ್ನು ದೊಡ್ಡ ಅನುದಾನ ಬಂದಾಗ ಕಟ್ಟುವ. ಒಬ್ಬರು ಎದ್ದು ನಿಂತರು. ‘ನಿಮ್ಮ ಮನೆ ರಸ್ತೆ ಒಳ್ಳೆಯದುಂಟು, ಅದಕ್ಕೆ ಇನ್ನೂ ಡಾಮರು. ನಮ್ಮದು ಹಾಳಾಗಿದೆ, ಅದು ಹಾಗೇ ಇರಲಿ. ಇದು ಯಾವ ನ್ಯಾಯ?’ ಉತ್ತರ ಕೊಡಲು ನನಗೆ ಕಷ್ಟವಾಯಿತು. ಲೆಕ್ಕ ನನ್ನ ಕಡೆ ಇತ್ತು. ಪ್ರತಿ ವರ್ಷ ಅತಿ ಹಾಳಾದ ಒಂದಕ್ಕೇ ಎಲ್ಲ ಹಣ ಸುರಿದರೆ ಅಷ್ಟರಲ್ಲಿ ಒಳ್ಳೆಯ ಎರಡು ಹಾಳಾಗಿರುತ್ತವೆ, ಹೀಗೇ ನಾವು ಮೂವತ್ತು ವರ್ಷ ಕಳೆದದ್ದು. ಆದರೆ ಹೊಂಡದಲ್ಲಿ ಬಸುರಿ ಸೊಸೆಯನ್ನು ಆಟೋದಲ್ಲಿ ಕೂರಿಸಿಕೊಂಡು ಹೋಗುವವರಿಗೆ ನನ್ನ ಲೆಕ್ಕ ಹೇಗೆ ಹಿಡಿಸೀತು? ಕಡೆಗೆ ಒಪ್ಪಂದ ಆದದ್ದು ಹೀಗೆ: ಹಾಳಾದ ರಸ್ತೆಗೆ ಆ ವರ್ಷವೇ ಚರಂಡಿ, ಹೊಂಡಗಳಿಗೆ ಜಲ್ಲಿ ಮತ್ತು ಹುಡಿ ಹಾಕಿ ರೋಲರು, ವರ್ಷಕ್ಕೆ ಎರಡು ಸಲ. ಡಾಮರು ಇಲ್ಲ, ಆದರೆ ವಾಹನ ಹೋಗಲೇಬೇಕು. ಅವರಿಗೆ ಪೂರ್ತಿ ಸಮಾಧಾನ ಆಗಿಲ್ಲ. ನನಗೂ ಆಗಿಲ್ಲ.

ಎಲ್ಲದಕ್ಕೂ ಕಾಂಕ್ರೀಟು ಕೇಳುವ ಚಾಳಿ ಈಗ ಬಂದಿದೆ. ಏರಿನಲ್ಲಿ, ನೀರು ಅಡ್ಡ ಹಾಯುವಲ್ಲಿ ಕಾಂಕ್ರೀಟು ಬೇಕು, ಒಪ್ಪಿದೆ. ಆದರೆ ಈ ವರ್ಷ ನೂರು ಮೀಟರು, ಬರುವ ವರ್ಷ ಇನ್ನೂರು ಮೀಟರು, ಅದೂ ಪ್ರಭಾವ ಇದ್ದವರ ಮನೆ ಎದುರಿನ ಸಮತಟ್ಟಿನಲ್ಲಿ! ಬದಿಗೆ ಮಣ್ಣು ಹಾಕದೆ ಬಿಟ್ಟರೆ ಅದರ ಅಂಚಿನಲ್ಲಿ ಅರ್ಧ ಅಡಿ ಗುಂಡಿ, ಬೈಕಿನವರು ಬಿದ್ದರೆ ಕೈಕಾಲು ಹೋಯಿತು. ಶಿರಾಡಿ ಘಾಟಿಗೆ 2015ರಲ್ಲಿ ಒಂದು ಹಂತ, 2018ರಲ್ಲಿ ಇನ್ನೊಂದು ಹಂತ ಅಂತ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟು ಹಾಕಿದರು. 2018ರ ಜುಲೈಯಲ್ಲಿ ತೆರೆದದ್ದು ಆಗಸ್ಟಿನಲ್ಲಿ ಬರೆ ಜರಿದು ಮತ್ತೆ ಮುಚ್ಚಿತು. ಅದೇ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡೆ ಕುಸಿದು ಸುಳ್ಯ–ಮಡಿಕೇರಿ ರಸ್ತೆಯೂ ಹೋಯಿತು. 2022ರ ಆಗಸ್ಟಿನಲ್ಲಿ ಸುಬ್ರಹ್ಮಣ್ಯ, ಹರಿಹರ ಪಲ್ಲತಡ್ಕ, ಕೊಲ್ಲಮೊಗ್ರು ಕಡೆ ಒಂದೇ ಮಳೆ ಏನು ಮಾಡಿತೆಂದು ಇಲ್ಲಿರುವವರಿಗೆ ಹೇಳಬೇಕಾಗಿಲ್ಲ. ಕಾಂಕ್ರೀಟು ಬರೆಯನ್ನು ಹಿಡಿಯುವುದಿಲ್ಲ. ಮೇಲಿನ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕೆಂದು ನೋಡದೆ ಏನು ಹಾಕಿದರೂ ಅಷ್ಟೇ.

ಪತ್ತನಾಜೆಗೆ ಇನ್ನು ಹೆಚ್ಚು ದಿನ ಇಲ್ಲ. ತೋಟದ ಕಣಿ ಬಿಡಿಸುವ ಜನ ಹೇಗೂ ಬರ್ತಾರೆ. ಅವರಿಗೆ ಅರ್ಧ ದಿನದ ಸಂಬಳ ಹೆಚ್ಚು ಕೊಟ್ಟು ಗೇಟಿನ ಎದುರಿನ ಚರಂಡಿಯನ್ನೂ ಬಿಡಿಸಿಕೊಳ್ಳಿ. ನಮ್ಮ ವಾರ್ಡಿನ ಪುಸ್ತಕ ಈ ಮೇಜಿನ ಮೇಲೆ ಉಂಟು. ಚಾ ಕುಡಿಯುವಾಗ ತಿರುವಿ ನೋಡಿ. ನಾಲ್ಕನೇ ಪುಟದಲ್ಲಿ ನನ್ನ ಪೈಪಿನ ಅಳತೆಯೂ ಬರೆದುಂಟು.