ಬೈ ಟು ಕಾಫಿಯ ಅರ್ಥಶಾಸ್ತ್ರ

ಬೆಂಗಳೂರಿನ ಹಳೆಯ ಹೋಟೆಲೊಂದಕ್ಕೆ ಇಬ್ಬರು ಗೆಳೆಯರು ಹೋಗಿ ಕುಳಿತರೆ ಕೇಳಿಬರುವ ಮೊದಲ ಮಾತು ‘ಬೈ ಟು ಕಾಫಿ’. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ ತನ್ನಿ ಎಂದು ಅದರ ಅರ್ಥ. ಬರೀ ಲೆಕ್ಕದ ಕಣ್ಣಿನಿಂದ ನೋಡಿದರೆ ಇದು ಮಾಲೀಕನಿಗೆ ನಷ್ಟದ ಬಾಬತ್ತು. ತೊಳೆಯಬೇಕಾದ ಲೋಟ ಎರಡು, ಕುಳಿತವರು ಇಬ್ಬರು, ಗಲ್ಲಾಪೆಟ್ಟಿಗೆಗೆ ಬೀಳುವುದು ಒಂದು ಕಾಫಿಯ ಕಾಸು. ಆದರೂ ಮಾಲೀಕ ಮುಖ ಸಿಂಡರಿಸುವುದಿಲ್ಲ. ಇವತ್ತು ಬೈ ಟು ಕುಡಿದವರು ನಾಳೆಯೂ ಬರುತ್ತಾರೆ, ಮಗನಿಗೆ ಕೆಲಸ ಸಿಕ್ಕ ದಿನ ಮನೆಮಂದಿಯನ್ನೆಲ್ಲ ಕರೆತಂದು ಮಸಾಲೆ ದೋಸೆ ಕೊಡಿಸುತ್ತಾರೆ ಎಂಬುದು ಅವನಿಗೆ ಗೊತ್ತು. ಊರಿನ ಕಾಫಿ ಹೋಟೆಲಿನ ಲಾಭ ಲೋಟದಲ್ಲಿಲ್ಲ; ಮತ್ತೆ ಮತ್ತೆ ಬರುವ ಗಿರಾಕಿಯಲ್ಲಿದೆ. ಈ ಸರಳ ಸತ್ಯವನ್ನು ಹಿಡಿದುಕೊಂಡು ಹೋದರೆ ಕಾಫಿ ಹೋಟೆಲಿನ ಚರಿತ್ರೆ ನಮ್ಮ ಸಮಾಜದ ಚರಿತ್ರೆಯಾಗಿಯೂ ತೆರೆದುಕೊಳ್ಳುತ್ತದೆ.

ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ತಿಳಿದದ್ದೇ. ಇಂದು ದೇಶದ ಕಾಫಿ ಬೆಳೆಯಲ್ಲಿ ಸುಮಾರು ಶೇಕಡ 70ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳದ್ದು. ಆದರೆ ಬೆಳೆದ ನಾಡೆಲ್ಲ ಮೊದಲಿನಿಂದಲೂ ಕುಡಿಯುವ ನಾಡಾಗಿರಲಿಲ್ಲ. ತೋಟದ ಬೆಳೆ ಹಡಗು ಹತ್ತಿ ಹೋಗುತ್ತಿತ್ತು. ಸಾಮಾನ್ಯರಿಗೆ ಕಾಫಿಯ ರುಚಿ ಹತ್ತಿಸಿದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೇಟೆಗಳಲ್ಲಿ ತಲೆಯೆತ್ತಿದ ‘ಕಾಫಿ ಕ್ಲಬ್ಬು’ಗಳು.

ಈ ಕ್ಲಬ್ಬುಗಳನ್ನು ನಡೆಸಿದವರಲ್ಲಿ ಅನೇಕರು ಉಡುಪಿ, ಕುಂದಾಪುರದ ಕಡೆಯಿಂದ ಘಟ್ಟ ಹತ್ತಿ ಬಂದವರು. ಮನೆಯಲ್ಲಿ ಬಡತನ, ಕೈಯಲ್ಲಿ ಅಡಿಗೆಯ ವಿದ್ಯೆ. ಮಾಣಿಯಾಗಿ ಸೇರಿದ ಹುಡುಗ ಲೋಟ ತೊಳೆದು, ಮೇಜು ಒರೆಸಿ, ಸಪ್ಲೈಯರ್ ಆಗಿ, ಒಲೆಯ ಮುಂದೆ ನಿಂತು, ಕೊನೆಗೆ ಗಲ್ಲದ ಮೇಲೆ ಕೂರುವ ಹೊತ್ತಿಗೆ ಆ ಕಸುಬಿನ ಒಂದೊಂದು ಮೂಲೆಯೂ ಅವನಿಗೆ ಪರಿಚಿತವಾಗಿರುತ್ತಿತ್ತು. ಯಾವ ಗಿರಾಕಿಗೆ ಸಕ್ಕರೆ ಕಡಿಮೆ, ಯಾರಿಗೆ ಡಿಕಾಕ್ಷನ್ ಜಾಸ್ತಿ, ಯಾರ ತಿಂಗಳ ಲೆಕ್ಕ ಬಾಕಿಯಿದೆ ಎಂಬುದೆಲ್ಲ ಅವನ ನಾಲಗೆಯ ತುದಿಯಲ್ಲಿ. ಈ ತಿಳಿವಳಿಕೆಯೇ ಅವನ ಬಂಡವಾಳದ ದೊಡ್ಡ ಪಾಲು.

ಇನ್ನೊಂದು ಪಾಲು ನಂಬಿಕೆ. ಕಾಫಿಯಲ್ಲಿ ಮೋಸ ಮಾಡುವುದು ಬಹಳ ಸುಲಭ. ಚಿಕೋರಿ ಹೆಚ್ಚಿಸಬಹುದು, ಎರಡನೆಯ ಡಿಕಾಕ್ಷನ್ನನ್ನು ಮೊದಲನೆಯದರೊಂದಿಗೆ ಬೆರೆಸಬಹುದು, ಹಾಲಿಗೆ ನೀರು ಕೂಡಿಸಬಹುದು. ಕಾಫಿ–ಚಿಕೋರಿ ಮಿಶ್ರಣದ ಪುಡಿಯಲ್ಲಿ ಕಾಫಿ ಕನಿಷ್ಠ ಶೇಕಡ 51 ಇರಬೇಕೆಂದು ಕಾನೂನು ಹೇಳುತ್ತದೆ. ಆದರೆ ನಿತ್ಯದ ಗಿರಾಕಿಗೆ ಕಾನೂನಿನ ಪುಸ್ತಕ ಬೇಕಿಲ್ಲ. ಮೊದಲ ಗುಟುಕಿನಲ್ಲೇ ಅವನ ತೀರ್ಪು ಹೊರಬೀಳುತ್ತದೆ.

1924ರಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂಟಿಆರ್, ಈ ಮಾತಿಗೆ ಒಳ್ಳೆಯ ಉದಾಹರಣೆ. ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲು ತಿಂಡಿಗಳ ಬೆಲೆಯನ್ನು ಸರಕಾರ ಇಳಿಸಿ ನಿಗದಿ ಮಾಡಿತು. ಆ ಬೆಲೆಗೆ ತುಪ್ಪದ ದೋಸೆ ಗಿಟ್ಟುವಂತಿರಲಿಲ್ಲ. ತುಪ್ಪ ಕಡಿಮೆ ಮಾಡುವುದು ಸುಲಭದ ದಾರಿ. ಎಂಟಿಆರ್ ಆ ದಾರಿ ಹಿಡಿಯದೆ ಮೊದಲಿನ ಗುಣಮಟ್ಟದಲ್ಲೇ ಬಡಿಸಿ, ದಿನದಿನದ ನಷ್ಟವನ್ನು ಬೋರ್ಡಿನ ಮೇಲೆ ಬರೆದು ಹೊರಗೆ ತೂಗುಹಾಕಿತು. ಕೊನೆಗೆ ಹೋಟೆಲನ್ನು ಕೆಲವು ವರ್ಷ ಮುಚ್ಚಬೇಕಾಗಿ ಬಂತು. ಕೆಲಸಗಾರರ ಕೈ ಖಾಲಿಯಾಗಬಾರದೆಂದು ಮಸಾಲೆ ಪುಡಿ, ಸಿದ್ಧ ಮಿಶ್ರಣಗಳ ಮಾರಾಟದತ್ತ ಸಂಸ್ಥೆ ಹೊರಳಿತು. ಹೋಟೆಲು ಮತ್ತೆ ತೆರೆದಾಗ ಹಳೆಯ ಗಿರಾಕಿಗಳು ಸಾಲುಗಟ್ಟಿ ಬಂದರು. ಆ ಬೋರ್ಡಿನಲ್ಲಿ ಬರೆದ ನಷ್ಟ ಒಂದರ್ಥದಲ್ಲಿ ಠೇವಣಿಯೇ ಆಗಿತ್ತು.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನದ ಕಥೆ ಇನ್ನೊಂದು ಬಗೆಯದು. 1943ರಲ್ಲಿ ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರಿಗಾಗಿ ಹುಟ್ಟಿಕೊಂಡ ಈ ಸಣ್ಣ ಹೋಟೆಲು 1970ರಲ್ಲಿ ಕೈ ಬದಲಾಯಿತು. ಕೈ ಬದಲಾದರೆ ರುಚಿ ಬದಲಾಗುತ್ತದೆ, ರುಚಿ ಬದಲಾದರೆ ಗಿರಾಕಿ ಬದಲಾಗುತ್ತಾನೆ ಎಂಬುದು ಹೋಟೆಲು ಉದ್ಯಮದ ಗಾದೆಯಂಥ ಮಾತು. ಇಲ್ಲಿ ಹಾಗಾಗಲಿಲ್ಲ. ಹೊಸ ಮಾಲೀಕರು ಹೆಸರನ್ನಾಗಲಿ ದೋಸೆಯ ಹದವನ್ನಾಗಲಿ ಕೆಡಿಸಲಿಲ್ಲ. ಬಸವನಗುಡಿಯ ಸಾಹಿತಿಗಳು, ಪತ್ರಕರ್ತರು, ಹೂವಿನ ವ್ಯಾಪಾರಿಗಳು ಒಂದೇ ಸಾಲಿನಲ್ಲಿ ಕಾಯುವ ಜಾಗವಾಗಿ ಅದು ಉಳಿಯಿತು. ಮುಂದೆ ಅದೇ ಹೋಟೆಲಿನ ಹೆಸರಿನಲ್ಲಿ ಕನ್ನಡದಲ್ಲಿ ನಾಟಕವೂ ಬಂತು. ಊರು ತನ್ನದೆಂದು ಒಪ್ಪಿಕೊಂಡ ಅಂಗಡಿಗೆ ಮಾತ್ರ ಈ ಭಾಗ್ಯ.

ಮಾಲೀಕನೇ ಕೈಬಿಟ್ಟರೆ ಏನು ಗತಿ? ಇದಕ್ಕೆ ಉತ್ತರ ಇಂಡಿಯನ್ ಕಾಫಿ ಹೌಸ್. 1930ರ ದಶಕದಲ್ಲಿ ರಫ್ತು ಕುಸಿದಾಗ ದೇಶದೊಳಗೆ ಕಾಫಿ ಕುಡಿಯುವವರನ್ನು ಹೆಚ್ಚಿಸಲು ಕಾಫಿ ಸೆಸ್ ಸಮಿತಿ, ಅನಂತರ ಕಾಫಿ ಮಂಡಳಿ ಈ ಮನೆಗಳನ್ನು ತೆರೆದವು. ಐವತ್ತರ ದಶಕದ ನಡುವಿನಲ್ಲಿ ಮಂಡಳಿ ಅವನ್ನು ಮುಚ್ಚಲು ತೀರ್ಮಾನಿಸಿತು. ನೌಕರರು ಬೀದಿಗೆ ಬಿದ್ದರು. ಆಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರು, ಅಂಗಡಿಗಳನ್ನು ನೌಕರರೇ ವಹಿಸಿಕೊಂಡು ನಡೆಸಲಿ ಎಂದು ಒತ್ತಾಯಿಸಿದರು. 1957ರ ಆಗಸ್ಟ್ 19ರಂದು ಬೆಂಗಳೂರಿನಲ್ಲಿ ಕಾಫಿ ಕಾರ್ಮಿಕರ ಸಹಕಾರ ಸಂಘ ಹುಟ್ಟಿತು. ಪೇಟ ಕಟ್ಟಿಕೊಂಡು ಕಾಫಿ ತಂದಿಡುವವನೇ ಅಂಗಡಿಯ ಪಾಲುದಾರನೂ ಆದ. ಒಂದು ಲೋಟ ಕಾಫಿಗೆ ಎರಡು ಗಂಟೆ ಕೂತವನನ್ನು ಎಬ್ಬಿಸಬೇಕೆಂಬ ಅವಸರ ಅವನಿಗಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಚಿತ್ರ ತೀರಾ ಸಿಹಿಯಾದೀತು. ಹೋಟೆಲು ಊರಿನದು ಎನ್ನುವಾಗ ಯಾವ ಊರು, ಯಾರ ಊರು ಎಂದು ಕೇಳಲೇಬೇಕು. ಆ ಕಾಲದ ಅನೇಕ ಹೋಟೆಲುಗಳ ಬೋರ್ಡಿನಲ್ಲಿ ‘ಬ್ರಾಹ್ಮಣರ’ ಎಂಬ ಪದವಿತ್ತು. ಕೆಲವೆಡೆ ಒಳಗಿನ ಪಂಕ್ತಿ ಬೇರೆ, ಹೊರಗಿನ ಬೆಂಚು ಬೇರೆ. ಹೆಂಗಸರು ಬಂದರೆ ಪರದೆ ಹಾಕಿದ ಫ್ಯಾಮಿಲಿ ರೂಮು. ಹಳ್ಳಿಯ ಹೋಟೆಲುಗಳಲ್ಲಂತೂ ದಲಿತರಿಗೆ ಬೇರೆ ಲೋಟ. ಕುಡಿದವನೇ ತೊಳೆದು ಸೂರಿಗೆ ಸಿಕ್ಕಿಸಿ ಹೋಗಬೇಕು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲುಗಳ ಹೆಸರನ್ನೇ ಎತ್ತಿ, ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಕೂಡದೆಂದು ಹೇಳಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿತು. ಸಂವಿಧಾನ ಬರೆದವರು ಹೋಟೆಲಿನ ಬಾಗಿಲನ್ನು ಮರೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಗೆಳೆಯರಿಬ್ಬರು ಹಂಚಿಕೊಳ್ಳುವುದೂ ಎರಡು ಲೋಟ, ಜಾತಿ ನೋಡಿ ಇಡುವುದೂ ಎರಡು ಲೋಟ. ಮೊದಲನೆಯದು ಹೋಟೆಲನ್ನು ಊರಿನದಾಗಿಸಿತು. ಎರಡನೆಯದು ಅರ್ಧ ಊರನ್ನು ಹೊರಗೆ ನಿಲ್ಲಿಸಿತು. ಕಾನೂನು ಬಂದ ಎಷ್ಟೋ ವರ್ಷಗಳ ಮೇಲೂ ಆ ಎರಡನೆಯ ಲೋಟ ಸೂರಿನಲ್ಲೇ ಉಳಿದ ಹಳ್ಳಿಗಳಿದ್ದವು.

1996ರ ಹೊತ್ತಿಗೆ ಇನ್ನೊಂದು ತಿರುವು. ಬೆಳೆಗಾರರು ಕಾಫಿಯನ್ನೆಲ್ಲ ಮಂಡಳಿಗೇ ಒಪ್ಪಿಸಬೇಕೆಂಬ ಕಟ್ಟುಪಾಡು ಅಷ್ಟರಲ್ಲಿ ಪೂರ್ತಿ ಸಡಿಲಿತ್ತು. ಅದೇ ವರ್ಷ ಚಿಕ್ಕಮಗಳೂರಿನ ಬೆಳೆಗಾರ ಮನೆತನದ ವಿ.ಜಿ. ಸಿದ್ಧಾರ್ಥ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದರು. ತೋಟವೂ ನಮ್ಮದು, ಮಾಲೀಕರೂ ನಮ್ಮವರು. ಯುವಕ ಯುವತಿಯರು ಅಂಜಿಕೆಯಿಲ್ಲದೆ ಕೂತು ಹರಟಲು ಅಲ್ಲಿ ಜಾಗ ಸಿಕ್ಕಿತು. ಪರದೆಯ ಕೋಣೆಯ ಕಾಲ ಮುಗಿದಿತ್ತು. ಆದರೆ ಒಂದು ಅಂಗಡಿ ಸಾವಿರಾರು ಅಂಗಡಿಯಾಗಿ, ಅದಕ್ಕೆ ಸಾಲದ ಹೊರೆಯೂ ಸೇರಿದಾಗ ಗಲ್ಲದ ಮೇಲೆ ಕೂತು ಗಿರಾಕಿಯ ಮುಖ ನೋಡುವವರು ಇರುವುದಿಲ್ಲ. 2019ರಲ್ಲಿ ಸಿದ್ಧಾರ್ಥ ತೀರಿಕೊಂಡ ನಂತರದ ವರ್ಷಗಳಲ್ಲಿ ಆ ಸಂಸ್ಥೆಯ ನೂರಾರು ಮಳಿಗೆಗಳು ಮುಚ್ಚಿದವು.

ಸಣ್ಣ ಹೋಟೆಲಿಗೂ ಗಂಡಾಂತರ ತಪ್ಪಿದ್ದಲ್ಲ. ಎಷ್ಟು ಪ್ರೀತಿಯಿದ್ದರೂ ಗೋಡೆ ಇನ್ನೊಬ್ಬರದಾದರೆ ಆಯುಷ್ಯವೂ ಇನ್ನೊಬ್ಬರ ಕೈಯಲ್ಲಿ. ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸ್ 2009ರಲ್ಲಿ ತನ್ನ ಹಳೆಯ ಜಾಗವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಹೋಗಬೇಕಾಯಿತು. ಕೊನೆಯ ದಿನಗಳಲ್ಲಿ ಬಂದ ಜನರ ಕಣ್ಣೀರು ಬಾಡಿಗೆಯ ಲೆಕ್ಕಕ್ಕೆ ಜಮೆಯಾಗಲಿಲ್ಲ. 2020ರ ಕೊರೊನಾ ಕಾಲದಲ್ಲಿ ಮೇಜುಗಳೇ ಖಾಲಿಯಾದವು. ಹೋಟೆಲಿನ ಮಕ್ಕಳು ಓದಿ ಬೇರೆ ಉದ್ಯೋಗಕ್ಕೆ ಹೋಗುತ್ತಾರೆ. ಮುಂಜಾನೆ ನಾಲ್ಕಕ್ಕೆ ಎದ್ದು ಡಿಕಾಕ್ಷನ್ ಇಳಿಸುವವರು ಯಾರು? ಮಾಣಿಯಾಗಿ ಬಂದವನು ಮಾಲೀಕನಾಗುವ ಹಳೆಯ ಏಣಿಯೂ ಇಂದಿನ ಮುಂಗಡ, ಬಾಡಿಗೆಗಳ ಎದುರು ಗಿಡ್ಡವಾಗಿದೆ.

ಆದುದರಿಂದ ಊರಿನ ಹೋಟೆಲು ಉಳಿಯಬೇಕೆಂದು ಹಳೆಯ ದಿನಗಳನ್ನು ನೆನೆದು ನಿಟ್ಟುಸಿರು ಬಿಟ್ಟರೆ ಸಾಲದು. ಮಾಲೀಕ ಪುಡಿಯಲ್ಲಿ ಪ್ರಾಮಾಣಿಕನಾಗಿರಬೇಕು. ಬೆಲೆ ಏರಿಸಬೇಕಾದಾಗ ಕಾರಣವನ್ನು ಬಾಯಿಬಿಟ್ಟು ಹೇಳಬೇಕು. ದುಡಿಯುವವರಿಗೆ ದುಡಿಮೆಯಲ್ಲಿ ಪಾಲು ಸಿಗಬೇಕು. ಕಾಫಿ ಹೌಸಿನ ನೌಕರರು ಅದು ಆಗುವ ಮಾತೆಂದು 1957ರಲ್ಲೇ ತೋರಿಸಿದ್ದಾರೆ. ಬಾಗಿಲು ಎಲ್ಲರಿಗೂ ಒಂದೇ ಆಗಿರಬೇಕು. ಗಿರಾಕಿಗೂ ಒಂದು ಕರ್ತವ್ಯವಿದೆ. ಹೋಟೆಲು ಮುಚ್ಚುವ ದಿನ ಹೋಗಿ ಕಣ್ಣೊರೆಸಿಕೊಳ್ಳುವುದಕ್ಕಿಂತ, ತೆರೆದಿರುವಾಗಲೇ ಗೆಳೆಯನೊಬ್ಬನನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಬೈ ಟು ಆದರೂ ಸರಿಯೆ.